ಚಿಪ್ಪರ್ ಕೊಂಬೆ ಎಳೆಯುತ್ತಿಲ್ಲವೇ? ಎಂಜಿನ್ ಬಿಚ್ಚುವ ಮೊದಲು ಇಷ್ಟು ನೋಡಿ

ಚಿಪ್ಪರ್ ಅಂದರೆ ಕಡಿದ ಕೊಂಬೆಗಳನ್ನು ಒಳಗೆಳೆದು ಚೂರು ಮಾಡುವ ಮಷೀನ್. ಅದರ ಬಗ್ಗೆ ಬರುವ ದೂರು ಹೆಚ್ಚುಕಮ್ಮಿ ಹೀಗೇ ಇರುತ್ತದೆ. ರೋಲರ್ ಕೊಂಬೆಯನ್ನು ಒಂದಡಿ ಎಳೆದುಕೊಳ್ಳುತ್ತದೆ, ನಿಲ್ಲುತ್ತದೆ, ಕೆಲವು ಮಷೀನ್‌ಗಳಲ್ಲಿ ಸ್ವಲ್ಪ ಹಿಂದಕ್ಕೂ ತಳ್ಳುತ್ತದೆ, ಆಮೇಲೆ ಮತ್ತೆ ಒಂದಡಿ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ರಾಶಿ ಮಧ್ಯಾಹ್ನವಾದರೂ ಕರಗುವುದಿಲ್ಲ. ಮರದ ಮೇಲಿರುವವನು ಕೊಯ್ದು ಇಳಿಸುತ್ತಲೇ ಇರುತ್ತಾನೆ. ಕೆಳಗೆ ಕಾಲಿಡಲು ಜಾಗ ಇರುವುದಿಲ್ಲ. ಆಗ ಯಾರಾದರೂ ಒಬ್ಬರು "ಎಂಜಿನ್ ಹೋಯ್ತು" ಅಂದುಬಿಡುತ್ತಾರೆ.

ನಾನು ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಟ್ರೀ ಸರ್ಜರಿ, ಅಂದರೆ ಮರ ಸವರುವ, ಕಡಿಯುವ ಕಂಪನಿ ನಡೆಸುತ್ತೇನೆ. ಸಣ್ಣ ಕಂಪನಿ. ಒಂದು ಟಿಪ್ಪರ್ ಗಾಡಿ, ಅದರ ಹಿಂದೆ ಎಳೆದೊಯ್ಯುವ 6 ಇಂಚಿನ ಡೀಸೆಲ್ ಚಿಪ್ಪರ್, ಒಂದಿಷ್ಟು ಗರಗಸ, ಹಗ್ಗ. ಇಂಥ ಕಂಪನಿಯಲ್ಲಿ ಚಿಪ್ಪರ್ ನಿಂತರೆ ಎಲ್ಲರ ಕೆಲಸವೂ ನಿಲ್ಲುತ್ತದೆ, ಸಂಬಳ ಮಾತ್ರ ನಿಲ್ಲುವುದಿಲ್ಲ. ನಾನು ನೋಡಿದ ಮಟ್ಟಿಗೆ ಈ ದೂರಿನಲ್ಲಿ ನಿಜವಾಗಿ ಎಂಜಿನ್ ಕೆಟ್ಟಿರುವುದು ತೀರಾ ಅಪರೂಪ. ಆದರೂ ಜನ ಮೊದಲು ಬಿಚ್ಚುವುದು ಎಂಜಿನ್ನನ್ನೇ. ನಾನು ಹೇಳುವ ಕ್ರಮ ಇದಕ್ಕೆ ಉಲ್ಟಾ: ಕತ್ತರಿಸುವ ತುದಿಯಿಂದ ಶುರು ಮಾಡಿ, ಎಂಜಿನ್ ಕಡೆಗೆ ಹಿಂದಕ್ಕೆ ಬನ್ನಿ. ಬ್ಲೇಡ್, ಬೆಲ್ಟ್, ವೈರು, ಎಣ್ಣೆ, ಗಾಳಿ, ಡೀಸೆಲ್. ಎಂಜಿನ್ ಎಲ್ಲಕ್ಕಿಂತ ಕೊನೆಗೆ.

ಮೊದಲು ಕೈ ಉಳಿಸಿಕೊಳ್ಳಿ

ಇದನ್ನು ಓದದೆ ಮುಂದೆ ಹೋಗಬೇಡಿ. ಎಂಜಿನ್ ಆಫ್ ಮಾಡಿದ ಮೇಲೂ ಫ್ಲೈವೀಲ್, ಅಂದರೆ ಬ್ಲೇಡ್ ಕೂರಿಸಿದ ದೊಡ್ಡ ಚಕ್ರ, ತುಂಬಾ ಹೊತ್ತು ತಿರುಗುತ್ತದೆ. ಶಬ್ದ ನಿಂತಿತು ಅಂದರೆ ಚಕ್ರ ನಿಂತಿತು ಅಂತ ಅಲ್ಲ. ಕೀ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ, ಇನ್ನೊಬ್ಬರ ಕೈಗೆ ಕೊಡಬೇಡಿ. ಬ್ಯಾಟರಿಯ ಕನೆಕ್ಷನ್ ಬಿಚ್ಚಿ. ಚಕ್ರ ಪೂರ್ತಿ ನಿಂತ ಮೇಲೆ ಕವರ್ ತೆಗೆದು, ಲಾಕ್ ಪಿನ್ ಹಾಕಿ, ಆಮೇಲೆ ಗ್ಲೌಸ್ ತೊಟ್ಟು ಒಳಗೆ ಕೈ ಹಾಕಿ. ಫ್ಲೈವೀಲ್ ಭಾರದ ವಸ್ತು. ಎಂಜಿನ್ ಇಲ್ಲದೆ ಕೈಯಲ್ಲಿ ಸುಮ್ನೆ ತಿರುಗಿಸಿದರೂ ಬೆರಳು ಕತ್ತರಿಸುವ ಶಕ್ತಿ ಅದಕ್ಕಿದೆ. ಇಬ್ಬರು ಸೇರಿ ಕೆಲಸ ಮಾಡುವಾಗ ಒಬ್ಬ ತಿರುಗಿಸಿ ಇನ್ನೊಬ್ಬ ಬ್ಲೇಡ್ ಹಿಡಿದಿರುವುದಂತೂ ಬೇಡವೇ ಬೇಡ.

ಹೈಡ್ರಾಲಿಕ್ ಪೈಪ್ ಸೋರುತ್ತಿದೆಯಾ ಅಂತ ಬರಿಗೈಯಲ್ಲಿ ತಡವಿ ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ಗಾಯ ಸಣ್ಣದಾಗಿ ಕಾಣುತ್ತದೆ, ನೋವೂ ಮೊದಲು ಕಡಿಮೆ. ಆದರೆ ಅದು ತಕ್ಷಣ ಆಪರೇಷನ್ ಆಗಬೇಕಾದ ಗಾಯ. ಒಂದು ರಟ್ಟಿನ ತುಂಡನ್ನು ಪೈಪ್ ಹತ್ತಿರ ಹಿಡಿಯಿರಿ, ಸೋರುತ್ತಿದ್ದರೆ ಕಲೆ ಬೀಳುತ್ತದೆ.

ಕಿವಿ ಕೊಟ್ಟು ಕೇಳಿ: ಮೊದಲ ಕವಲು

ರೋಲರ್ ಯಾಕೆ ನಿಲ್ಲುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಡೀಸೆಲ್ ಎಂಜಿನ್ ಬೆಲ್ಟ್ ಮೂಲಕ ಫ್ಲೈವೀಲನ್ನು ತಿರುಗಿಸುತ್ತದೆ, ಅದರಲ್ಲಿ ಬ್ಲೇಡ್‌ಗಳಿರುತ್ತವೆ. ಅದೇ ಎಂಜಿನ್‌ನಿಂದ ಓಡುವ ಹೈಡ್ರಾಲಿಕ್ ಪಂಪ್ ರೋಲರ್‌ಗಳನ್ನು ತಿರುಗಿಸುತ್ತದೆ. ಇವೆರಡರ ನಡುವೆ ಒಂದು ಸೆನ್ಸರ್ ಇದೆ. ದಪ್ಪ ದಿಮ್ಮಿ ಸಿಕ್ಕಿ ವೇಗ ಒಂದು ಮಟ್ಟಕ್ಕಿಂತ ಇಳಿದರೆ, ಕಂಟ್ರೋಲ್ ಬಾಕ್ಸ್ ರೋಲರ್‌ಗಳನ್ನು ನಿಲ್ಲಿಸುತ್ತದೆ. ವೇಗ ಮತ್ತೆ ಏರಿದ ಮೇಲೆ ಬಿಡುತ್ತದೆ. ಎಂಜಿನ್ ಉಸಿರುಗಟ್ಟಿ ನಿಲ್ಲಬಾರದು ಅಂತಲೇ ಈ ಏರ್ಪಾಡು. ಇದಕ್ಕೆ ಇಲ್ಲಿ 'ನೋ ಸ್ಟ್ರೆಸ್' ಅನ್ನುತ್ತಾರೆ.

ಹಾಗಾಗಿ ರೋಲರ್ ನಿಂತಿತು ಅಂದ ಕೂಡಲೇ ರೋಲರ್ ಕೆಟ್ಟಿದೆ ಅಂತ ಅರ್ಥವಲ್ಲ. ವೇಗ ಇಳಿದಿದೆ ಅಂತ ಬಾಕ್ಸ್ ಹೇಳುತ್ತಿದೆ. ಅದು ನಿಜವಾ, ಸುಳ್ಳಾ? ಇದನ್ನು ತಿಳಿಯಲು ಉಪಕರಣ ಏನೂ ಬೇಡ. ಮಣಿಕಟ್ಟು ದಪ್ಪದ ಒಂದು ನೇರ ಹಸಿ ಕೊಂಬೆ ಕೊಡಿ. ಇಯರ್ ಡಿಫೆಂಡರ್ ಹಾಕಿಕೊಂಡೇ ಇರಿ, ಎಂಜಿನ್‌ನ ದನಿ ಅದರೊಳಗೂ ಕೇಳುತ್ತದೆ.

ಎಂಜಿನ್ ದನಿ ಭಾರವಾಗಿ ಇಳಿದು, ಆಮೇಲೆ ರೋಲರ್ ನಿಂತರೆ: ಬಾಕ್ಸ್ ಹೇಳುತ್ತಿರುವುದು ನಿಜ. ಮಣಿಕಟ್ಟು ದಪ್ಪದ ಕೊಂಬೆಗೇ ಹೀಗಾಗುತ್ತಿದ್ದರೆ ಬ್ಲೇಡ್ ಮೊಂಡಾಗಿದೆ, ಅಥವಾ ಎಂಜಿನ್‌ಗೆ ಗಾಳಿ, ಡೀಸೆಲ್ ಸಾಲುತ್ತಿಲ್ಲ.

ಎಂಜಿನ್ ದನಿ ಒಂದೇ ಸಮ ಇದ್ದು ಫ್ಲೈವೀಲ್ ಮಾತ್ರ ಕುಗ್ಗಿ ರೋಲರ್ ನಿಂತರೆ: ಬೆಲ್ಟ್ ಜಾರುತ್ತಿದೆ. ಒಂದು ವಿಷಯ ನೆನಪಿಡಿ. ಕೆಲವು ಮಷೀನ್‌ಗಳಲ್ಲಿ ಸೆನ್ಸರ್ ಇರುವುದು ಎಂಜಿನ್ ಕಡೆ. ಅವುಗಳಲ್ಲಿ ಬೆಲ್ಟ್ ಜಾರಿದರೂ ಬಾಕ್ಸ್‌ಗೆ ಗೊತ್ತಾಗುವುದಿಲ್ಲ. ರೋಲರ್ ಕೊಂಬೆಯನ್ನು ತುರುಕುತ್ತಲೇ ಹೋಗಿ ಒಳಗೆ ಗಟ್ಟಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ನಿಮ್ಮ ಮಷೀನ್‌ನಲ್ಲಿ ಸೆನ್ಸರ್ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಎಂಜಿನ್, ಫ್ಲೈವೀಲ್ ಎರಡೂ ಒಂದೇ ಸಮ ಇದ್ದು ರೋಲರ್ ಮಾತ್ರ ಪಟ್ಟನೆ ನಿಂತರೆ: ಸೆನ್ಸರ್, ವೈರು, ಸೇಫ್ಟಿ ಬಾರ್‌ನ ಸ್ವಿಚ್. ಖಾಲಿ ಇದ್ದಾಗ ಚೆನ್ನಾಗಿ ತಿರುಗಿ, ಕೊಂಬೆ ಸಿಕ್ಕ ಕೂಡಲೇ ಸುಸ್ತಾಗಿ ನಿಂತರೆ: ಹೈಡ್ರಾಲಿಕ್ ಒತ್ತಡ ಕಡಿಮೆ. ರೋಲರ್ ತಿರುಗುತ್ತಲೇ ಇದೆ, ಕೊಂಬೆ ಮಾತ್ರ ಜಾರುತ್ತಿದೆ ಅಂದರೆ ರೋಲರ್‌ನ ಹಲ್ಲು ಸವೆದಿದೆ, ಸ್ಪ್ರಿಂಗ್ ಸಡಿಲವಾಗಿದೆ, ಅಥವಾ ಮೇಲಿನ ರೋಲರ್‌ನ ಹಿಂದೆ ಕಸ ತುಂಬಿಕೊಂಡು ಅದು ಕೆಳಗೆ ಕೂರುತ್ತಿಲ್ಲ. ಇದರಲ್ಲಿ ಕಸದ್ದೇ ಜಾಸ್ತಿ. ತೆಗೆದರೆ ಮುಗಿಯಿತು.

ಅಂಗೈಯಲ್ಲಿ ಚಿಪ್ಸ್

ದನಿ ಇಳಿಯುತ್ತಿದ್ದರೆ ಗಾಡಿಯ ಹಿಂಬದಿಗೆ ಹೋಗಿ ಒಂದು ಹಿಡಿ ಚಿಪ್ಸ್ ತೆಗೆದುಕೊಳ್ಳಿ. ಅಂಗೈಯಲ್ಲಿ ಹರಡಿ, ಬೆಳಕಿಗೆ ಹಿಡಿದು ನೋಡಿ.

ಬ್ಲೇಡ್ ಚೂಪಾಗಿದ್ದರೆ ತುಂಡುಗಳು ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿರುತ್ತವೆ. ಎರಡು ಅಂಚೂ ನೀಟಾಗಿ ಕತ್ತರಿಸಿದಂತಿರುತ್ತವೆ, ಕತ್ತರಿಸಿದ ಮುಖ ನುಣುಪಾಗಿ ಸ್ವಲ್ಪ ಹೊಳೆಯುತ್ತದೆ. ಮೊಂಡಾಗಿದ್ದರೆ ಅಂಚಿನಲ್ಲಿ ನಾರು ಕೂದಲಿನಂತೆ ಎದ್ದಿರುತ್ತದೆ. ಒಂದು ತುಂಡು ದೊಡ್ಡದು, ಇನ್ನೊಂದು ಬರೀ ಪುಡಿ. ತೊಗಟೆ ಕತ್ತರಿಸದೆ ಪಟ್ಟಿಪಟ್ಟಿಯಾಗಿ ಬಂದಿರುತ್ತದೆ. ಚಿಪ್ಸ್ ಮುಟ್ಟಿದರೆ ಬೆಚ್ಚಗಿರುತ್ತದೆ, ಯಾಕಂದರೆ ಬ್ಲೇಡ್ ಕೊಯ್ಯುವುದನ್ನು ಬಿಟ್ಟು ಮರವನ್ನು ಉಜ್ಜುತ್ತಿದೆ. ಕೊಂಬೆಗೆ ಏಟು ಬಿದ್ದಂತೆ ಹಾಪರ್‌ನಲ್ಲಿ (ಕೊಂಬೆ ಹಾಕುವ ಅಗಲ ಬಾಯಿ) ಅದು ಕುಣಿಯುವುದೂ ಇದೇ ಕಾರಣಕ್ಕೆ.

ಬ್ಲೇಡ್ ಹೊರಗೆ ತೆಗೆದಾಗ ಅಂಚನ್ನು ಟಾರ್ಚ್ ಬೆಳಕಿಗೆ ಹಿಡಿಯಿರಿ. ಚೂಪಾದ ಅಂಚು ಬೆಳಕನ್ನು ತಿರುಗಿಸುವುದಿಲ್ಲ, ಅಲ್ಲಿ ಏನೂ ಕಾಣುವುದಿಲ್ಲ. ಮೊಂಡಾದ ಅಂಚಿನ ಉದ್ದಕ್ಕೂ ಒಂದು ಬಿಳಿ ಗೆರೆ ಹೊಳೆಯುತ್ತದೆ. ಆ ಗೆರೆ ಕಂಡರೆ ಇನ್ನೇನೂ ಯೋಚಿಸಬೇಕಿಲ್ಲ, ಮಸೆಯಲು ಕಳಿಸಿ.

ಈ ದೇಶದಲ್ಲಿ ಬ್ಲೇಡ್ ಬೇಗ ಮೊಂಡಾಗಲು ಎರಡು ಕಾರಣ ಮುಖ್ಯ. ಒಂದು, ಬೇಲಿಗಿಡ. ಹಳೇ ಬೇಲಿಗಳ ಒಳಗೆ ತಂತಿ, ಮೊಳೆ, ಕೆಲವೊಮ್ಮೆ ಕಬ್ಬಿಣದ ಗೂಟವೇ ಹುದುಗಿಹೋಗಿರುತ್ತದೆ. ಇನ್ನೊಂದು, ಆ್ಯಶ್ ಮರದ ರೋಗ. 2012ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ಖಚಿತಪಡಿಸಿದರು. ಶಿಲೀಂಧ್ರದಿಂದ ಬರುವ ಈ ರೋಗಕ್ಕೆ ದೇಶದ ತುಂಬಾ ಆ್ಯಶ್ ಮರಗಳು ನಿಂತಲ್ಲೇ ಒಣಗುತ್ತಿವೆ. ರಸ್ತೆ ಬದಿಯ ಒಣ ಆ್ಯಶ್ ತೆಗೆಯುವ ಕೆಲಸ ಈಗ ನಮಗೆಲ್ಲ ಜಾಸ್ತಿ. ಹಸಿ ಮರಕ್ಕಿಂತ ಒಣಗಿದ ಆ್ಯಶ್ ಬ್ಲೇಡನ್ನು ತುಂಬಾ ಬೇಗ ತಿನ್ನುತ್ತದೆ. ಹಸಿ ಮರದ ಲೆಕ್ಕದಲ್ಲಿ ಇಷ್ಟು ಗಂಟೆಗೊಮ್ಮೆ ಮಸೆಯುವುದು ಅಂತ ಇಟ್ಟುಕೊಂಡಿದ್ದರೆ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೆಲಸ ಮುಗಿದ ಮೇಲೆ ರೇಕ್‌ನಲ್ಲಿ ಗುಡಿಸಿದ ಕಸವನ್ನು ಚಿಪ್ಪರ್‌ಗೆ ಸುರಿಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬಿಡಿಸಿ. ಅದರಲ್ಲಿ ಮಣ್ಣು, ಕಲ್ಲು ಇದ್ದೇ ಇರುತ್ತದೆ. ಗುಡಿಸಿದ್ದನ್ನು ನೇರವಾಗಿ ಗಾಡಿಗೆ ಹಾಕಿ.

ಬ್ಲೇಡ್‌ಗಳನ್ನು ಯಾವಾಗಲೂ ಜೊತೆಯಾಗಿ ಮಸೆಯಿರಿ. ಒಂದನ್ನೇ ಮಸೆದರೆ ತೂಕ ಹೆಚ್ಚುಕಡಿಮೆಯಾಗಿ ಚಕ್ರ ನಡುಗುತ್ತದೆ, ಬೇರಿಂಗ್ ಹೋಗುತ್ತದೆ. ಮಸೆಯುವಾಗ ನೀರು ಅಥವಾ ಕೂಲಂಟ್ ಹರಿಯುತ್ತಿರಬೇಕು. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಗಡಸುತನ ಹೋಯಿತು, ಆ ಬ್ಲೇಡ್ ಮತ್ತೆ ಎರಡೇ ದಿನಕ್ಕೆ ಮೊಂಡು. ಎಷ್ಟರವರೆಗೆ ಮಸೆಯಬಹುದು ಅನ್ನುವ ಮಿತಿ ಮಷೀನ್ ಜೊತೆ ಬಂದ ಪುಸ್ತಕದಲ್ಲಿದೆ. ಅದರಾಚೆ ಹೋದ ಬ್ಲೇಡನ್ನು ಎಸೆಯಿರಿ, ಕರುಣೆ ಬೇಡ.

ಕೂರಿಸುವಾಗ ಬ್ಲೇಡ್ ಕೂರುವ ಜಾಗವನ್ನು ಉಜ್ಜಿ ತೊಳೆಯಿರಿ. ಇಲ್ಲಿ ಬೇಲಿಗೆ ನೆಡುವ ಲೇಲ್ಯಾಂಡಿ ಗಿಡದ ಅಂಟು ಅಲ್ಲಿ ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದೆ. ಉಗುರು ದಪ್ಪದ ಒಂದು ಪದರ ಉಳಿದರೂ ಬ್ಲೇಡ್ ಸಮನಾಗಿ ಕೂರುವುದಿಲ್ಲ. ಕೆಲಸ ಮಾಡುತ್ತಾ ಆ ಪದರ ಅದುಮಿಹೋಗಿ ಬೋಲ್ಟ್ ತಾನಾಗಿಯೇ ಸಡಿಲವಾಗುತ್ತದೆ. ತಿರುಗುವ ಚಕ್ರದಲ್ಲಿ ಸಡಿಲ ಬ್ಲೇಡ್ ಅಂದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಬೋಲ್ಟ್‌ಗಳನ್ನು ಪುಸ್ತಕದಲ್ಲಿರುವ ಲೆಕ್ಕಕ್ಕೆ ಟಾರ್ಕ್ ರೆಂಚ್‌ನಿಂದಲೇ ಬಿಗಿ ಮಾಡಿ. ಸ್ವಲ್ಪ ಹೊತ್ತು ಓಡಿಸಿದ ಮೇಲೆ ನಿಲ್ಲಿಸಿ, ಇನ್ನೊಮ್ಮೆ ನೋಡಿ.

ಬ್ಲೇಡ್ ಹೊಸದು, ಆದರೂ ನಾರುನಾರು ಚಿಪ್ಸ್ ಬರುತ್ತಿದೆಯಾ? ಹಾಗಾದರೆ ಆ್ಯನ್ವಿಲ್ ನೋಡಿ. ಬ್ಲೇಡ್ ಎದುರಿಗೆ ಅಲುಗಾಡದೆ ನಿಂತಿರುವ ಉಕ್ಕಿನ ಪಟ್ಟಿ ಅದು. ಕತ್ತರಿಯ ಎರಡನೇ ಅಲಗು ಇದ್ದಂತೆ. ಅದರ ಅಂಚು ದುಂಡಗಾದರೆ, ಅಥವಾ ಬ್ಲೇಡಿಗೂ ಅದಕ್ಕೂ ನಡುವೆ ಸಂದು ಜಾಸ್ತಿಯಾದರೆ, ನಾರು ಕತ್ತರಿಸಿಕೊಳ್ಳದೆ ಮಡಚಿಕೊಂಡು ನುಸುಳುತ್ತದೆ. ವಿಲ್ಲೋ, ಐವಿ ಬಳ್ಳಿ, ಲೇಲ್ಯಾಂಡಿ ಕತ್ತರಿಸುವಾಗ ಇದು ಎದ್ದು ಕಾಣುತ್ತದೆ. ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಅಳೆಯಿರಿ, ಎಷ್ಟಿರಬೇಕು ಅನ್ನುವುದನ್ನು ಪುಸ್ತಕ ನೋಡಿ ಹೊಂದಿಸಿ. ಬಹಳಷ್ಟು ಮಷೀನ್‌ಗಳಲ್ಲಿ ಆ್ಯನ್ವಿಲ್ ತಿರುಗಿಸಿ ಹಾಕಬಹುದು, ಹೊಸದು ಕೊಳ್ಳುವ ಮೊದಲು ಹೊಸ ಅಂಚು ಉಳಿದಿದೆಯಾ ನೋಡಿ.

ಬ್ಲೇಡ್ ಬಗ್ಗೆ ಇಷ್ಟುದ್ದ ಬರೆದೆ. ಯಾಕಂದರೆ ಹೆಚ್ಚಿನ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಬೆಲ್ಟ್

ಸುಟ್ಟ ರಬ್ಬರ್ ವಾಸನೆ, ಕವರ್ ಒಳಗೆ ಕಪ್ಪು ಪುಡಿ, ಬೆಲ್ಟ್‌ನ ಪಕ್ಕದ ಮೈ ಕನ್ನಡಿಯಂತೆ ಹೊಳೆಯುವುದು. ಈ ಮೂರರಲ್ಲಿ ಒಂದಿದ್ದರೂ ಬೆಲ್ಟ್ ಜಾರಿದೆ. ಮಳೆಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಮಷೀನ್ ಬೆಳಿಗ್ಗೆ ಕೀಚಲು ಶಬ್ದ ಮಾಡಿ ಹತ್ತು ನಿಮಿಷದಲ್ಲಿ ಸರಿಹೋದರೆ ಅದು ಬರೀ ನೀರು, ಚಿಂತೆ ಬೇಡ. ಆದರೆ ಬಿಸಿಯಾದ ಮೇಲೆ ಜಾರಿದರೆ ಬಿಗಿ ಕಡಿಮೆಯಾಗಿದೆ, ಅಥವಾ ಬೆಲ್ಟ್ ಮುಗಿದಿದೆ.

ಬದಲಿಸುವುದಾದರೆ ಪೂರಾ ಸೆಟ್ ಬದಲಿಸಿ. ಹಳೇದರ ಪಕ್ಕ ಹೊಸದು ಹಾಕಿದರೆ ಹೊಸದೊಂದೇ ಭಾರ ಹೊತ್ತು ಬೇಗ ಹೋಗುತ್ತದೆ. ಎರಡು ಪುಲ್ಲಿಗಳೂ ಒಂದೇ ಗೆರೆಯಲ್ಲಿವೆಯಾ ಅಂತ ಉದ್ದದ ಸ್ಟೀಲ್ ಪಟ್ಟಿ ಇಟ್ಟು ನೋಡಿ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಯಲ್ಲಿ ಹಿಗ್ಗುತ್ತದೆ, ಆಗ ಮತ್ತೆ ಬಿಗಿ ಮಾಡದಿದ್ದರೆ ಅದೂ ಜಾರಿ ಹೊಳಪು ಬಂದು ಹಾಳಾಗುತ್ತದೆ. ಡಬ್ಬಿಯಲ್ಲಿ ಸಿಗುವ ಅಂಟು ಸ್ಪ್ರೇ ಹೊಡೆಯಬೇಡಿ. ಅದಕ್ಕೆ ಮರದ ಪುಡಿ ಮೆತ್ತಿಕೊಂಡು ತೊಂದರೆ ದುಪ್ಪಟ್ಟಾಗುತ್ತದೆ.

ಎಂಜಿನ್ ಸರಿ, ಫ್ಲೈವೀಲ್ ಸರಿ, ರೋಲರ್ ಮಾತ್ರ ಹಟ ಹಿಡಿದರೆ

ಬ್ರಿಟನ್ನಿನ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಗಾಡಿಯ ಹಿಂದೆ ಬರುವ ಚಿಪ್ಪರ್‌ಗೆ ಆ ಉಪ್ಪುನೀರು ಇಡೀ ದಾರಿ ಎರಚುತ್ತದೆ. ನವೆಂಬರ್‌ನಲ್ಲಿ ಚೆನ್ನಾಗಿದ್ದ ಕನೆಕ್ಟರ್ ಫೆಬ್ರುವರಿಯಲ್ಲಿ ಬಿಚ್ಚಿ ನೋಡಿದರೆ ಒಳಗೆ ಪಾಚಿ ಹಸಿರು. ತಾಮ್ರ ತಿಂದುಹೋಗಿರುತ್ತದೆ. ಮಷೀನ್ ನಡುಗಿದಾಗ ಸಂಪರ್ಕ ಒಮ್ಮೆ ಸಿಗುತ್ತದೆ, ಒಮ್ಮೆ ತಪ್ಪುತ್ತದೆ. ರೋಲರ್ ಕೂಡ ಹಾಗೇ ಆಡುತ್ತದೆ.

ಮೊದಲು ಬ್ಯಾಟರಿ ಅಳೆಯಿರಿ. ಎಂಜಿನ್ ನಿಂತಾಗ 12.6 ವೋಲ್ಟ್ ಆಸುಪಾಸು, ಓಡುವಾಗ 14ರ ಹತ್ತಿರ ಇರಬೇಕು. ಅದು ಸರಿ ಇದ್ದರೆ ಅರ್ತ್ ವೈರ್ ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಹಾಕಿ. ವೋಲ್ಟೇಜ್ ಕಡಿಮೆಯಾದರೆ ಹೈಡ್ರಾಲಿಕ್ ವಾಲ್ವಿನ ಕಾಯಿಲ್ ಹಿಡಿತ ಬಿಡುತ್ತದೆ, ರೋಲರ್ ನಿಲ್ಲುತ್ತದೆ. ಹೊಸ ಕಂಟ್ರೋಲ್ ಬಾಕ್ಸ್‌ಗೆ ಆರ್ಡರ್ ಮಾಡುವ ಮೊದಲು ಈ ಒಂದು ಬೋಲ್ಟ್ ನೋಡಿ.

ಆಮೇಲೆ ಸೆನ್ಸರ್. ಅದರ ಮೂತಿಗೆ ಲೋಹದ ಪುಡಿ ಅಂಟಿರುತ್ತದೆ, ಒರೆಸಿ. ಅದಕ್ಕೂ ತಿರುಗುವ ಭಾಗಕ್ಕೂ ನಡುವಿನ ಅಂತರ ನಡುಕಕ್ಕೆ ಜಾಸ್ತಿಯಾಗಿರಬಹುದು. ವೈರು ಎಲ್ಲಾದರೂ ಚಾಸಿಗೆ ಉಜ್ಜಿ ಸಿಪ್ಪೆ ಹೋಗಿದೆಯಾ ಅಂತ ಉದ್ದಕ್ಕೂ ಬೆರಳಾಡಿಸಿ ನೋಡಿ.

ಕೊನೆಗೆ ಸೇಫ್ಟಿ ಬಾರ್. ಹಾಪರ್ ಬಾಯಿಯಲ್ಲಿರುವ ಈ ಬಾರ್‌ಗೆ ತೊಡೆ ಅಥವಾ ಸೊಂಟ ತಾಗಿದರೆ ರೋಲರ್ ನಿಲ್ಲಬೇಕು. ಅದರ ಸ್ವಿಚ್ಚೋ ಮ್ಯಾಗ್ನೆಟ್ಟೋ ಸ್ವಲ್ಪ ಸರಿದಿದ್ದರೆ ಕೊಂಬೆ ತಾಗಿದ ನಡುಕಕ್ಕೇ ರೋಲರ್ ನಿಲ್ಲುತ್ತದೆ. ಸರಿಯಾಗಿ ಕೂರಿಸಿದರೆ ಸಾಕು. ಕೆಲವರು ಕಿರಿಕಿರಿ ತಾಳದೆ ಸ್ವಿಚ್ಚಿಗೆ ನೇರವಾಗಿ ವೈರ್ ಕೊಟ್ಟು ಬಾರನ್ನೇ ಇಲ್ಲವಾಗಿಸುತ್ತಾರೆ. ಇದು 1998ರ ಕೆಲಸದ ಉಪಕರಣಗಳ ನಿಯಮ, ಅಂದರೆ ಪ್ಯೂವರ್ ಪ್ರಕಾರ ತಪ್ಪು. ಕಾನೂನು ಪಕ್ಕಕ್ಕಿರಲಿ. ಕೊಂಬೆಯ ಜೊತೆ ಜಾಕೆಟ್ ತೋಳು ಸಿಕ್ಕಿಕೊಂಡ ಹುಡುಗನಿಗೆ ಉಳಿದಿರುವ ಒಂದೇ ದಾರಿ ಆ ಬಾರ್. ನಮ್ಮ ಕಂಪನಿಯಲ್ಲಿ ಬೆಳಿಗ್ಗೆ ಮೊದಲ ಕೊಂಬೆ ಹಾಕುವ ಮುಂಚೆ ಬಾರ್ ಒತ್ತಿ ನೋಡುತ್ತೇವೆ. ರೋಲರ್ ನಿಲ್ಲದಿದ್ದರೆ ಅವತ್ತು ಆ ಮಷೀನ್ ಓಡುವುದಿಲ್ಲ.

ಹೈಡ್ರಾಲಿಕ್ ಎಣ್ಣೆ

ಬೆಳಿಗ್ಗೆ ಚುರುಕು, ಊಟದ ಹೊತ್ತಿಗೆ ಸುಸ್ತು. ಹೀಗಿದ್ದರೆ ಪಂಪ್ ಅಥವಾ ರೋಲರ್ ಮೋಟರ್ ಒಳಗೆ ಸವೆದಿದೆ. ಎಣ್ಣೆ ಬಿಸಿಯಾಗಿ ತೆಳುವಾದಾಗ ಒಳಗಿಂದೊಳಗೇ ಸೋರಿಹೋಗಿ ಒತ್ತಡ ಸಿಗುವುದಿಲ್ಲ. ಇದಕ್ಕೆ ಉಲ್ಟಾ, ಹಿಮ ಬಿದ್ದ ಬೆಳಿಗ್ಗೆ ಮಾತ್ರ ನಿಧಾನ ಇದ್ದು ಬಿಸಿಯಾದ ಮೇಲೆ ಸರಿಹೋದರೆ ಎಣ್ಣೆ ಗಟ್ಟಿಯಾಗಿತ್ತು ಅಷ್ಟೇ. ಐದು ನಿಮಿಷ ಖಾಲಿ ಓಡಿಸಿ.

ಟ್ಯಾಂಕಿನಲ್ಲಿ ನೊರೆ ಕಂಡರೆ ಪಂಪ್ ಗಾಳಿ ಎಳೆಯುತ್ತಿದೆ: ಎಣ್ಣೆ ಕಡಿಮೆ, ಅಥವಾ ಎಳೆಯುವ ಪೈಪಿನ ಕ್ಲಿಪ್ ಸಡಿಲ. ಎಣ್ಣೆ ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ, ಪೂರಾ ಬದಲಿಸಿ. ಫಿಲ್ಟರ್ ಯಾವಾಗ ಬದಲಿಸಿದ್ದು ಅಂತ ಯಾರಿಗೂ ನೆನಪಿಲ್ಲದಿದ್ದರೆ ಅದನ್ನೂ ಬದಲಿಸಿ. ರೋಲರ್ ವೇಗದ ತಿರುಗಣೆಯನ್ನು ಯಾರಾದರೂ ತಿರುಗಿಸಿಟ್ಟಿದ್ದಾರಾ ಅಂತಲೂ ನೋಡಿ, ಅದೂ ಆಗುತ್ತದೆ. ಇಷ್ಟಾದ ಮೇಲೂ ಸುಸ್ತಿದ್ದರೆ ಪ್ರೆಷರ್ ಗೇಜ್ ಹಾಕಿ ಅಳೆಯಬೇಕು. ಗೇಜ್ ಇಲ್ಲದೆ ರಿಲೀಫ್ ವಾಲ್ವಿನ (ಒತ್ತಡ ಮಿತಿ ಮೀರದಂತೆ ತಡೆಯುವ ವಾಲ್ವ್) ಸ್ಕ್ರೂ ಬಿಗಿ ಮಾಡಬೇಡಿ. ಒತ್ತಡ ಏರಿ ಪೈಪ್ ಒಡೆದರೆ ಮೊದಲು ಹೇಳಿದ ಗಾಯ ಅದೇ.

ಗಾಳಿ, ಡೀಸೆಲ್, ಇಳಿಜಾರು

ಬ್ಲೇಡ್ ಚೂಪು, ಬೆಲ್ಟ್ ಬಿಗಿ, ಆದರೂ ದನಿ ಇಳಿಯುತ್ತಿದೆ. ಈಗ ಎಂಜಿನ್ ಸರದಿ, ಅದೂ ಹೊರಗಿನಿಂದ. ಏರ್ ಫಿಲ್ಟರ್ ತೆಗೆದು ನೋಡಿ. ರೇಡಿಯೇಟರ್ ಮುಂದೆ ಲೇಲ್ಯಾಂಡಿಯ ಒಣ ಎಲೆ, ನಯವಾದ ಪುಡಿ ಕಂಬಳಿಯಂತೆ ಹಾಸಿರುತ್ತದೆ. ಕಂಪ್ರೆಸ್ಡ್ ಗಾಳಿಯನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಊದಿ. ಹೊರಗಿನಿಂದ ಊದಿದರೆ ಕಸ ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ.

ಡೀಸೆಲ್‌ನಲ್ಲಿ ನೀರಿದ್ದರೆ ಫಿಲ್ಟರ್ ಕೆಳಗಿನ ಬಟ್ಟಲಿನಲ್ಲಿ ಕಾಣುತ್ತದೆ. ಇಲ್ಲಿನ ಬಂಕ್ ಡೀಸೆಲ್‌ನಲ್ಲಿ ಶೇ. 7ರವರೆಗೆ ಬಯೋಡೀಸೆಲ್ ಇರುತ್ತದೆ. ಅದು ನೀರು ಹಿಡಿದುಕೊಳ್ಳುತ್ತದೆ, ನೀರು ನಿಂತಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗುತ್ತದೆ. ಫಿಲ್ಟರ್‌ನಲ್ಲಿ ಲೋಳೆ ಕಂಡರೆ ಫಿಲ್ಟರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು, ಡೀಸೆಲ್ ಇಟ್ಟಿದ್ದ ಕ್ಯಾನ್‌ಗಳನ್ನೂ ತೊಳೆಯಬೇಕು. ಬೇಸಿಗೆಯಲ್ಲಿ ತುಂಬಿಟ್ಟ ಡೀಸೆಲ್ ಜನವರಿಯ ಚಳಿಗೆ ಮೇಣದಂತೆ ಹೆಪ್ಪುಗಟ್ಟುತ್ತದೆ, ಚಳಿಗಾಲಕ್ಕೆ ಹೊಸದಾಗಿ ತುಂಬಿಸಿ.

ಷೆಫೀಲ್ಡ್ ಪೂರಾ ಏರು ಇಳಿಜಾರಿನ ಊರು. ನಮ್ಮ ತಂಡಕ್ಕೆ ಸೇರಿದ ತೀರ್ಥಹಳ್ಳಿ ಕಡೆಯ ಹುಡುಗ ಒಮ್ಮೆ ಫೋನ್ ಮಾಡಿದ. "ಅಣ್ಣಾ, ಚಿಪ್ಪರ್ ಇಲ್ಲಿ ಮಾತ್ರ ನಿಲ್ತಿದೆ. ಕೆಳಗಿನ ಮನೇಲಿ ಚೆನ್ನಾಗೇ ಓಡ್ತು."

"ಮೂತಿ ಮೇಲಕ್ಕಿದೆಯಾ? ಟ್ಯಾಂಕ್ ಎಷ್ಟಿದೆ ನೋಡಪ್ಪ."

"ಕಾಲು ಭಾಗ ಇರ್ಬೋದು ಅಣ್ಣಾ."

ಅಷ್ಟೇ. ಮಷೀನ್ ವಾಲಿದಾಗ ಡೀಸೆಲ್ ಟ್ಯಾಂಕಿನ ಒಂದು ಮೂಲೆಗೆ ಸರಿದು, ಎಳೆಯುವ ಪೈಪು ಗಾಳಿ ಕುಡಿಯುತ್ತಿತ್ತು. ಟ್ಯಾಂಕ್ ತುಂಬಿಸಿ, ಗಾಳಿ ಹೊರಗೆ ಬಿಟ್ಟ ಮೇಲೆ ಓಡಿತು. ಒಂದೇ ಜಾಗದಲ್ಲಿ ಮಾತ್ರ ಬರುವ ತೊಂದರೆಗೆ ಆ ಜಾಗದಲ್ಲೇ ಕಾರಣ ಹುಡುಕುವುದು ಒಳ್ಳೆಯದು. ಸಾಧ್ಯವಾದಷ್ಟು ಚಿಪ್ಪರನ್ನು ಸಮತಟ್ಟಾದ ಕಡೆಯೇ ನಿಲ್ಲಿಸಿ.

ರಿಪೇರಿಯಾ, ಬಾಡಿಗೆಯಾ?

ಇದು ಮಷೀನ್ ಪ್ರಶ್ನೆ ಅಲ್ಲ, ವ್ಯಾಪಾರದ ಪ್ರಶ್ನೆ. ರಸ್ತೆ ಬದಿ ಕೆಲಸಕ್ಕೆ ಕೌನ್ಸಿಲ್‌ನಿಂದ ಅನುಮತಿ ಸಿಗುವುದು ಇಂಥ ದಿನಕ್ಕೆ ಅಂತ. ಆ ದಿನ ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಹಾಗಾಗಿ ನನ್ನ ನಿಯಮ ಸರಳ. ಕಿವಿಯ ಪರೀಕ್ಷೆ, ಚಿಪ್ಸ್, ಬೆಲ್ಟ್, ಬ್ಯಾಟರಿ, ಫಿಲ್ಟರ್. ಇಷ್ಟನ್ನು ಒಂದು ಗಂಟೆಯೊಳಗೆ ನೋಡಬಹುದು. ಅಷ್ಟರಲ್ಲಿ ಕಾರಣ ಸಿಗದಿದ್ದರೆ ಬಾಡಿಗೆ ಚಿಪ್ಪರ್ ತರಿಸಿ, ಕೆಲಸ ಮುಗಿಸಿ. ರೋಗ ಹುಡುಕುವುದು ಸಂಜೆ ಯಾರ್ಡ್‌ನಲ್ಲಿ. ಬಿರುಗಾಳಿಯ ವಾರದಲ್ಲಿ ಬಾಡಿಗೆಗೂ ಸಿಗುವುದಿಲ್ಲ, ಅದಕ್ಕೇ ಒಂದು ಸೆಟ್ ಮಸೆದ ಬ್ಲೇಡ್, ಒಂದು ಸೆಟ್ ಬೆಲ್ಟ್, ಎರಡು ಫಿಲ್ಟರ್ ಯಾವಾಗಲೂ ಗಾಡಿಯಲ್ಲಿರಲಿ.

ಬಾಡಿಗೆ ಮಷೀನ್ ಎಳೆಯುವ ವಿಚಾರ ಈಗ ಸುಲಭವಾಗಿದೆ. 1997ರ ಜನವರಿ 1ರಿಂದ ಕಾರ್ ಲೈಸೆನ್ಸ್ ಪಡೆದವರು ಮೊದಲು ಭಾರದ ಟ್ರೈಲರ್ ಎಳೆಯಲು ಬೇರೆ ಪರೀಕ್ಷೆ ಪಾಸು ಮಾಡಬೇಕಿತ್ತು. ಸಣ್ಣ ಕಂಪನಿಗಳು 750 ಕಿಲೋ ಒಳಗಿನ ಚಿಪ್ಪರ್ ಕೊಳ್ಳುತ್ತಿದ್ದುದಕ್ಕೆ ಅದೂ ಒಂದು ಕಾರಣ. 2021ರ ಡಿಸೆಂಬರ್ 16ರಿಂದ 3,500 ಕಿಲೋವರೆಗಿನ ಟ್ರೈಲರ್ ಎಳೆಯಬಹುದು, ಗಾಡಿಯ ಸಾಮರ್ಥ್ಯ ಅದಕ್ಕೆ ಸಾಕಾಗಬೇಕು ಅಷ್ಟೆ. ಭಾರತದಿಂದ ಹೊಸದಾಗಿ ಬಂದು ನೆಲೆಸಿದವರು ಗಮನಿಸಿ: ನಮ್ಮೂರ ಲೈಸೆನ್ಸ್ ಇಲ್ಲಿ ನಡೆಯುವುದು 12 ತಿಂಗಳು ಮಾತ್ರ.

ಗರಗಸ: ತಣ್ಣಗಿದ್ದಾಗ ಓಡುತ್ತದೆ, ಬಿಸಿಯಾದರೆ ಸಾಯುತ್ತದೆ

ಈ ಭಾಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ನೆರಳು ಮರ ಸವರುವವರಿಗೂ ಅಷ್ಟೇ ಉಪಯೋಗ. ಪೆಟ್ರೋಲ್ ಗರಗಸ, ಅಂದರೆ ಚೈನ್‌ಸಾ, ಎಲ್ಲ ಕಡೆ ಒಂದೇ.

ನಿಂತ ಕೂಡಲೇ ಪೆಟ್ರೋಲ್ ಕ್ಯಾಪ್ ನಿಧಾನವಾಗಿ ಸಡಿಲಿಸಿ. ಗರಗಸ ಬಿಸಿಯಿರುತ್ತದೆ, ಮುಖ ದೂರ ಇರಲಿ, ಹತ್ತಿರ ಬೆಂಕಿ ಬೇಡ. ಕ್ಯಾಪ್ ಬಿಟ್ಟಾಗ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗರಗಸ ಸುಲಭವಾಗಿ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿರಂಧ್ರ ಕಟ್ಟಿದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರುತ್ತಿಲ್ಲ, ಅದಕ್ಕೇ ಕಾರ್ಬುರೇಟರ್‌ಗೆ ಪೆಟ್ರೋಲ್ ಹೋಗುತ್ತಿಲ್ಲ. ಅದಲ್ಲದಿದ್ದರೆ ಬಿಸಿಯಿರುವಾಗಲೇ ಪ್ಲಗ್ ತೆಗೆದು ಕಿಡಿ ನೋಡಿ. ತಣ್ಣಗಾದ ಮೇಲೆ ಕಿಡಿ ಬರುತ್ತದೆ, ಬಿಸಿಯಲ್ಲಿ ಬರುವುದಿಲ್ಲ ಅಂದರೆ ಕಿಡಿ ಕೊಡುವ ಕಾಯಿಲ್ ಹೋಗಿದೆ. ಕಿಡಿಯೂ ಸರಿ, ಆದರೆ ಗರಗಸಕ್ಕೆ ಬಲವೇ ಇಲ್ಲ ಅಂದರೆ ಸೈಲೆನ್ಸರ್ ಬಾಯಿಯ ಸಣ್ಣ ಜಾಲರಿ ಮಸಿ ಹಿಡಿದಿರಬಹುದು. ಬಿಚ್ಚಿ ಬ್ರಶ್ ಹಾಕಿ.

ಒಂದು ಲಕ್ಷಣ ಕಂಡರೆ ಮಾತ್ರ ತಕ್ಷಣ ನಿಲ್ಲಿಸಬೇಕು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ತಾನಾಗಿ ಏರುತ್ತಾ ಹೋಗುವುದು. ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ. ಪೆಟ್ರೋಲ್ ಜೊತೆ ಹೋಗುವ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸೈಲೆನ್ಸರ್ ತೆಗೆದು ಆ ತೂತಿನಿಂದ ಟಾರ್ಚ್ ಹಿಡಿದು ಪಿಸ್ಟನ್ ನೋಡಿ. ಉದ್ದುದ್ದ ಗೀರು ಕಂಡರೆ ಸ್ಟಾರ್ಟ್ ಮಾಡುವುದು ಬೇಡ, ಮೆಕ್ಯಾನಿಕ್ ಹತ್ತಿರ ಕೊಂಡೊಯ್ಯಿರಿ.

ಪೆಟ್ರೋಲ್ ವಿಷಯ ಇನ್ನೂ ಮುಖ್ಯ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ. 10ರವರೆಗೆ ಎಥನಾಲ್. ಭಾರತದಲ್ಲಿ ಈಗ ಶೇ. 20. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪನ್ನೂ ಕಾರ್ಬುರೇಟರ್‌ನ ಪೊರೆಯನ್ನೂ ಹಾಳು ಮಾಡುತ್ತದೆ. ಇಲ್ಲಿ ನಾವು ಗರಗಸಕ್ಕೆ ಎಥನಾಲ್ ಇಲ್ಲದ, ಎಣ್ಣೆ ಬೆರೆಸಿಯೇ ಬರುವ ಡಬ್ಬಿ ಪೆಟ್ರೋಲ್ ಬಳಸುತ್ತೇವೆ. ದುಬಾರಿ ನಿಜ, ಹೊಗೆಯೂ ಕಡಿಮೆ. ಊರಲ್ಲಿ ಅದು ಸಿಗದಿದ್ದರೆ ಒಂದೆರಡು ವಾರಕ್ಕೆ ಬೇಕಾದಷ್ಟು ಮಾತ್ರ ಬೆರೆಸಿ. 50ಕ್ಕೆ 1ರ ಲೆಕ್ಕದಲ್ಲಿ 5 ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ. ಮಳೆಗಾಲಕ್ಕೆ ಗರಗಸ ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಒಳಗಿಡಿ.

ರಿಪೇರಿ ಆದ ಮೇಲೆ

ಚಿಪ್ಪರ್ ಖಾಲಿ ಓಡಿಸಿ "ಸರಿಹೋಯ್ತು" ಅನ್ನಬೇಡಿ. ಮೊದಲು ಸೇಫ್ಟಿ ಬಾರ್ ಒತ್ತಿ ನೋಡಿ. ಆಮೇಲೆ ಮಣಿಕಟ್ಟು ದಪ್ಪದ ಕೊಂಬೆ, ಆಮೇಲೆ ತೋಳು ದಪ್ಪದ್ದು, ಕೊನೆಗೆ ಎಲೆ ತುಂಬಿದ ಪೊದೆ. ಮೂರಕ್ಕೂ ಎಂಜಿನ್ ದನಿ ಕೇಳಿ, ಮೂರರ ಚಿಪ್ಸ್ ನೋಡಿ. ಅವರ್ ಮೀಟರ್‌ನಲ್ಲಿರುವ ಗಂಟೆ, ಬದಲಿಸಿದ ಭಾಗ, ಆಗ ಕತ್ತರಿಸುತ್ತಿದ್ದ ಮರ ಯಾವುದು, ಇವಿಷ್ಟನ್ನು ಬರೆದಿಡಿ. ಒಣ ಆ್ಯಶ್ ಅಂತ ಬರೆದಿದ್ದರೆ ಮುಂದಿನ ಸಲ ಬ್ಲೇಡ್ ಯಾಕೆ ಬೇಗ ಹೋಯಿತು ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.